ಹರಿದ ಕೋನಿನ ಗಿಟಾರಿಸ್ಟ್

ಬೆಂಗಳೂರಿನ ಆರ್ಕೆಸ್ಟ್ರಾ ಗಿಟಾರಿಸ್ಟರಲ್ಲಿ ಒಂದು ಪಂಗಡವಿದೆ. ಬಾಕ್ಸಿನ ಸ್ಪೀಕರ್ ಕೆಟ್ಟರೆ ರಿಪೇರಿ ಮಾಡಿಸುವುದೂ ಇಲ್ಲ, ಹೊಸದು ಕೊಳ್ಳುವುದೂ ಇಲ್ಲ. ಯಾವುದೆಂದು ಯೋಚಿಸುವುದೇ ಇವರ ಕಸುಬು. ಗಣೇಶನ ಹಬ್ಬದ ಸೀಸನ್ ಮುಗಿದ ಮೇಲೆ ಹೆಚ್ಚಾಗಿ ಕಾಣಸಿಗುತ್ತಾರೆ.

ರೋಗ ಪತ್ತೆ ಸುಲಭ. 8 ಓಮಿನ ಸ್ಪೀಕರಿಗೆ ಮೀಟರ್ ಹಿಡಿದರೆ 6ರಿಂದ 7 ಓಮ್ ತೋರಿಸಬೇಕು. ಮುಳ್ಳು ಅಲ್ಲಾಡದಿದ್ದರೆ ಕಾಯಿಲ್ ಹೋಗಿದೆ. ಕೋನಿನ ಎರಡೂ ಬದಿ ಬೆರಳೂರಿ ಮೆಲ್ಲಗೆ ಒತ್ತಿದಾಗ ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ. ಇಷ್ಟಕ್ಕೂ ಈ ಪಂಗಡದವನಿಗೆ ಸಾಕ್ಷಿ ಬೇಕು. ಸಾಕ್ಷಿ ಪಕ್ಕದ ಮನೆಯಾತ. ಮನೆಯಲ್ಲೇ ಕೂತು ಬರೆಯುವವನಾದ್ದರಿಂದ ಕೆಲಸವಿಲ್ಲದವನೆಂದು ಬೀದಿಯೇ ಒಪ್ಪಿದೆ. “ಒಂಚೂರು ಕಿವಿ ಕೊಡಿ ಸಾರ್” ಎಂದು ಕರೆದೊಯ್ದು 12 ಇಂಚಿನ ಕೋನಿನ ಮುಂದೆ ಮಂಡಿಯೂರಿಸುತ್ತಾನೆ. ಕರಕರ ಕೇಳಿಸಿತೆಂದರೆ “ಅದು ನಿಮ್ಮ ಮಂಡೀದು ಸಾರ್”; ಕೇಳಿಸಲಿಲ್ಲವೆಂದರೆ “ಕಿವಿ ತೋರಿಸ್ಕೊಳ್ಳಿ”. ಮಂಡಿಯ ವಿಷಯ ಪೂರ್ತಿ ಸುಳ್ಳಲ್ಲ.

ಚಿಕಿತ್ಸೆಯೂ ಆತನಿಗೆ ಬಾಯಿಪಾಠ. ಸಣ್ಣ ಹರಕಿಗೆ ತೆಳು ಕಾಗದ ಮತ್ತು ಒಣಗಿದ ಮೇಲೂ ಬಾಗುವ ಅಂಟು ಸಾಕು; ಗಟ್ಟಿ ಅಂಟು ಹಾಕಿದರೆ ಕೋನ್ ಸೆಟೆಯುತ್ತದೆ. ಕಾಯಿಲ್ ಸುಟ್ಟಿದ್ದರೆ ರೀಕೋನ್: ಚೌಕಟ್ಟು, ಮ್ಯಾಗ್ನೆಟ್ ಉಳಿಸಿಕೊಂಡು ಒಳಗಿನದೆಲ್ಲ ಹೊಸದು. ಹಳೆಯ ಆಲ್ನಿಕೋ ಮ್ಯಾಗ್ನೆಟ್ಟಿನ ಸ್ಪೀಕರಿಗೆ ಈ ಖರ್ಚು ಸರಿ, ಅಗ್ಗದ್ದಕ್ಕೆ ದಂಡ. ಹೊಸದು ಹಾಕುವುದಾದರೆ ಓಮ್ ಹೊಂದಬೇಕು, ವ್ಯಾಟ್ ಕಡಿಮೆಯಾಗಬಾರದು.

ಇಷ್ಟೆಲ್ಲ ತಿಳಿದವನು ಕೊನೆಗೆ 1964ಕ್ಕೆ ಹೋಗಿ ನಿಲ್ಲುತ್ತಾನೆ. ಆ ವರ್ಷ ಬಂದ ‘ಯು ರಿಯಲಿ ಗಾಟ್ ಮಿ’ಯ ಒರಟು ನಾದಕ್ಕಾಗಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕೋನನ್ನು ಬ್ಲೇಡಿನಿಂದ ಸೀಳಿದ್ದ. “ಅವನು ಕಷ್ಟಪಟ್ಟು ಹರಿದ, ನಮ್ಮದು ತಾನಾಗೇ ಹರಿದಿದೆ!” ಹಾಗಿದ್ದರೆ ರಿಪೇರಿ ಯಾಕೆ ಎಂದು ಕೇಳಿದವರಿಗೆ ಮತ್ತೊಂದು ಸುತ್ತು ಮೀಟರ್ ದರ್ಶನ.

ಅವಸರವೂ ಇಲ್ಲವೆನ್ನಿ. ಮದುವೆ ಆರತಕ್ಷತೆಗಳಲ್ಲಿ ಈಗ ಟ್ರ್ಯಾಕ್ ಹಾಕಿಕೊಂಡು ಹಾಡುವವರೇ ಹೆಚ್ಚು. ಗಿಟಾರಿಗೆ ಕರೆ ಅಪರೂಪ. ಅದನ್ನು ಆತ ಹೇಳುವುದಿಲ್ಲ, ಪಕ್ಕದ ಮನೆಯಾತ ಕೇಳುವುದಿಲ್ಲ. ಮಂಡಿ ಮಾತ್ರ ಊರುತ್ತಾನೆ.

ಎಂದಾದರೂ ಕರೆ ಬಂತೋ, ತಿಂಗಳುಗಟ್ಟಲೆ ಇತ್ಯರ್ಥವಾಗದ್ದು ಸಂಜೆಯೊಳಗೆ ಮುಗಿಯುತ್ತದೆ. ಹೊಸ ಸ್ಪೀಕರ್ ಬರುತ್ತದೆ, ಹಳೆಯದು “ನಿಧಾನಕ್ಕೆ ರೀಕೋನ್ ಮಾಡಿಸೋಣ” ಎಂದು ಅಟ್ಟ ಸೇರುತ್ತದೆ. ಹೊಸ ಕೋನಿನ ಬಿಗಿ ಸಡಿಲಲು ಹಲವು ಗಂಟೆ ಜೋರಾಗಿ ನುಡಿಸಬೇಕು. ಅದಕ್ಕೆ ಊಟವಾದ ಮೇಲೆ ಎರಡರಿಂದ ನಾಲ್ಕು ಪ್ರಶಸ್ತವೆಂದು ಆತ ಗೊತ್ತುಮಾಡಿಕೊಂಡಿದ್ದಾನೆ.