ಪ್ರಥಮ ಪಾದಯಾತ್ರಾ ನಿರ್ಣಯ: ಅಲ್ಪರಜಿಗಳ ಹಿತಾರ್ಥ ರಚಿತವಾದ ಕಿರುಶಾಸ್ತ್ರ

ಅನುಬಂಧ ಚತುಷ್ಟಯ

ಶಾಸ್ತ್ರ ಯಾವುದೇ ಇರಲಿ, ಮೊದಲು ಅದರ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಈ ನಾಲ್ಕನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿ ಮುಗಿಸುತ್ತೇವೆ. ವಿಷಯ: ಹುಟ್ಟಿದಂದಿನಿಂದ ಬಸ್ಸಿನಲ್ಲೇ ಕಂಡ ದೇವರನ್ನು ಒಮ್ಮೆ ನಡೆದು ಹೋಗಿ ಕಾಣುವುದು. ಪ್ರಯೋಜನ: ಪುಣ್ಯ; ಅದು ದಕ್ಕದಿದ್ದರೆ ಸೊಂಟದಲ್ಲಿ ಎರಡಂಗುಲದ ಇಳಿತಾಯ. ಸಂಬಂಧ: ಅಂಗಾಲಿಗೂ ಡಾಂಬರಿಗೂ ಇರುವಂಥದ್ದು. ಅಧಿಕಾರಿ: ಯಾರು ಎರಡು ಬೀದಿ ಆಚೆಯ ಹಾಲಿನ ಬೂತಿಗೂ ಸ್ಕೂಟರನ್ನೇ ಏರುವರೋ, ಯಾರ ಖಾತೆಯಲ್ಲಿ ನಾಲ್ಕರಿಂದ ಏಳು ದಿನದ ರಜೆಯಷ್ಟೇ ಉಳಿದಿದೆಯೋ, ಇಷ್ಟಾಗಿಯೂ ಯಾರಿಗೆ ಒಂದು ರಾತ್ರಿ ಊಟವಾದ ಮೇಲೆ ‘ಈ ಸಲ ನಡೆದೇ ಹೋಗಬೇಕು’ ಎನಿಸಿಬಿಟ್ಟಿದೆಯೋ ಅವರು. ಇಂಥವರನ್ನು ಮುಂದೆ ‘ಅಲ್ಪರಜಿ’ ಎನ್ನಲಾಗುವುದು.

ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಹೊರಟು, ಕಲ್ಯಾಣವನ್ನು ಹಾದು, ಶ್ರೀಶೈಲ ಸೇರಿದ ಅಕ್ಕಮಹಾದೇವಿ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಮರಳಿ ಕೆಲಸಕ್ಕೆ ಹಾಜರಾಗುವ ದಿನಾಂಕವನ್ನು ಆಕೆ ಯಾರಿಗೂ ಬರೆದುಕೊಟ್ಟಿರಲಿಲ್ಲ. ಶರಣರಿಗೂ ಅಲ್ಪರಜಿಗೂ ಇರುವ ಮೂಲಭೇದ ಇದು. ಉಳಿದ ಭೇದಗಳೆಲ್ಲ ಇದರ ಮರಿಗಳು.

ಸಂಶಯ

ದಾರಿಗಳು ಹಲವು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿ.ಮೀ., ಶಿವರಾತ್ರಿಗೆ ಮುಟ್ಟಬೇಕು. ಬಾಗಲಕೋಟೆಯ ಕಡೆಯಿಂದ ಶ್ರೀಶೈಲಕ್ಕೆ 400 ಕಿ.ಮೀ. ಆಸುಪಾಸು, ಯುಗಾದಿಯ ಹೊತ್ತಿಗೆ ಸೇರಬೇಕು. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ., ಆಷಾಢ ಶುದ್ಧ ಏಕಾದಶಿಗೆ. ಕಲಬುರಗಿ, ವಿಜಯಪುರದವರಿಗೆ ತುಳಜಾಪುರದ ಅಂಬಾಭವಾನಿ, ನವರಾತ್ರಿ ಮುಗಿದು ಸೀಗೆ ಹುಣ್ಣಿಮೆಗೆ. ಕನಕಪುರದವರಿಗೆ ಮಾದಪ್ಪನ ಬೆಟ್ಟ. ಇವುಗಳ ಪೈಕಿ ಮೊದಲನೆಯದು ಯಾವುದಾಗಬೇಕು ಎಂಬುದೇ ಸಂಶಯ. ಊರಕಡೆಯ ರೈತ ದಿನಕ್ಕೆ 35 ಕಿ.ಮೀ. ಮಾತಾಡುತ್ತಲೇ ನಡೆದುಬಿಡುತ್ತಾನೆ. ಅಲ್ಪರಜಿ 20 ದಾಟಿದರೆ ಮಾತು ನಿಂತಿರುತ್ತದೆ. ಭಾಗಾಕಾರ ಮಾಡಿ ನೋಡಿದರೆ ಧರ್ಮಸ್ಥಳಕ್ಕೆ ಹದಿನೈದು ದಿನ ಬೇಕು. ರಜೆ ಏಳು. ಇಲ್ಲಿಂದ ಪಂಡಿತರ ಜಗಳ ಶುರು.

ಪೂರ್ವಪಕ್ಷಗಳು

ಮೊದಲನೆಯವರು ಅಖಂಡವಾದಿಗಳು. ಮನೆಯ ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆದು ಹೊರಟದ್ದೇ ಯಾತ್ರೆ, ಮಿಕ್ಕದ್ದು ವಾಯುವಿಹಾರ ಎನ್ನುವುದು ಇವರ ಮತ. ಮತ ಶುದ್ಧವಾಗಿದೆ. ಆದರೆ ಇದನ್ನು ಪ್ರತಿಪಾದಿಸುವವರಲ್ಲಿ ಬಹುಪಾಲು ಜನ ಇನ್ನೂ ಹೊಸ್ತಿಲ ಒಳಗೇ ಇದ್ದಾರೆ.

ಎರಡನೆಯವರು ಸೋಪಾನವಾದಿಗಳು. ಇವರಿಗೆ ತಿರುಮಲೆಯೇ ಪರಮಪ್ರಮಾಣ. ಅಲಿಪಿರಿಯಿಂದ 3550 ಮೆಟ್ಟಿಲು, ಸುಮಾರು 9 ಕಿ.ಮೀ.; ಶ್ರೀವಾರಿ ಮೆಟ್ಟಿನಿಂದ 2388 ಮೆಟ್ಟಿಲು, ಸುಮಾರು 2 ಕಿ.ಮೀ. ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮೇಲೆ. ಅಲ್ಪರಜಿಗೆ ಹೇಳಿ ಮಾಡಿಸಿದ್ದಲ್ಲವೇ ಎಂದರೆ, ಹೌದು. ಆದರೆ ರಾತ್ರಿ ತನ್ನ ಹಾಸಿಗೆಯಲ್ಲೇ ಮಲಗಬಹುದಾದ ದಾರಿಯನ್ನು ದೂರದ ದಾರಿ ಎನ್ನಲಾಗದು. ಪರರ ಊರಿನ ಶಾಲೆಯ ಜಗಲಿಯಲ್ಲಿ, ಅಪರಿಚಿತರ ಗೊರಕೆಯ ನಡುವೆ ಒಂದು ರಾತ್ರಿಯನ್ನಾದರೂ ಕಳೆಯಬೇಕು ಎಂಬುದು ನಮ್ಮ ಲಕ್ಷಣಸೂತ್ರ. ಸೋಪಾನವಾದ ಅಭ್ಯಾಸಕ್ಕೆ ಉತ್ತಮ, ನಿರ್ಣಯಕ್ಕೆ ಸಾಲದು.

ಮೂರನೆಯವರು ತಲೆಕಡೆಯವರು, ಎಂದರೆ ದಾರಿಯ ಆರಂಭವನ್ನಷ್ಟೇ ನಡೆಯುವವರು. ಪುಣೆಯಲ್ಲಿ ಇವರ ಸಂಖ್ಯೆ ದೊಡ್ಡದು. ಜ್ಞಾನೇಶ್ವರರ ಪಾಲಖಿ ಆಳಂದಿಯಿಂದ ಪುಣೆಗೆ ಬಂದು, ಅಲ್ಲಿಂದ ದಿವೇ ಘಾಟಿ ಹತ್ತಿ ಸಾಸವಡಕ್ಕೆ ಹೋಗುವಾಗ ಕಂಪ್ಯೂಟರ್ ಕಂಪನಿಗಳ ಉದ್ಯೋಗಿಗಳೂ ದಿಂಡಿಗಳ ಜತೆ ಒಂದೆರಡು ದಿನ ಹೆಜ್ಜೆ ಹಾಕುತ್ತಾರೆ. ತಾಳ, ಮೃದಂಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು, ಘಾಟಿಯ ತಿರುವಿನಲ್ಲಿ ಮಳೆ, ಎಲ್ಲವೂ ಸಿಗುತ್ತದೆ. ಸಿಗದವನು ವಿಠಲನೊಬ್ಬ. ಅವನು ಇನ್ನೂ ಎರಡು ವಾರದ ಆಚೆ ಇಟ್ಟಿಗೆಯ ಮೇಲೆ ನಿಂತಿರುತ್ತಾನೆ.

ನಾಲ್ಕನೆಯವರು ಬಾಲಕಡೆಯವರು: ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿ, ಕೊನೆಯ ತುಂಡನ್ನು ನಡೆಯುವವರು. ಇವರಿಗೆ ಪರದೇಶದ ಪ್ರಮಾಣವೂ ಉಂಟು. ಸ್ಪೇನಿನ ಸಾಂತಿಯಾಗೊಗೆ ಫ್ರಾನ್ಸಿನ ಗಡಿಯಿಂದ ಹೋಗುವ ದಾರಿ ಸುಮಾರು 780 ಕಿ.ಮೀ.; ಕನಿಷ್ಠ 100 ಕಿ.ಮೀ. ನಡೆದವರಿಗೂ ಅಲ್ಲಿಯ ಚರ್ಚು ಪ್ರಮಾಣಪತ್ರ ಕೊಡುತ್ತದೆ. ಆದ್ದರಿಂದ ಅಲ್ಲಿಯ ಅಲ್ಪರಜಿಗಳು 115 ಕಿ.ಮೀ. ದೂರದ ಸಾರಿಯಾ ಎಂಬ ಊರಿನಲ್ಲಿ ಹಿಂಡುಹಿಂಡಾಗಿ ಇಳಿಯುತ್ತಾರೆ. ನಮ್ಮ ದೇವರುಗಳು ಪ್ರಮಾಣಪತ್ರ ಕೊಡುವ ಗೋಜಿಗೆ ಹೋಗಿಲ್ಲ. ಅದನ್ನು ಕೇಳುವವರು ಆಫೀಸಿನವರು, ಅವರಿಗೂ ಬೇಕಾದದ್ದು ವೈದ್ಯರ ಸಹಿ.

ದೇವತಾ ವರ್ಗೀಕರಣ

ದೇವರುಗಳನ್ನು ಶೈವ, ವೈಷ್ಣವ, ಶಾಕ್ತ ಎಂದು ವಿಂಗಡಿಸುವ ರೂಢಿ ಪಾದಯಾತ್ರಿಗೆ ಉಪಯೋಗಕ್ಕೆ ಬಾರದು. ಏರುವ ದೇವರು, ಇಳಿಯುವ ದೇವರು, ಸಮತಲದ ದೇವರು, ಮಿಶ್ರ ದೇವರು ಎಂಬ ನಾಲ್ಕೇ ವರ್ಗ ಅವನಿಗೆ ಸತ್ಯ.

ತಿಮ್ಮಪ್ಪ, ಮಾದಪ್ಪ ಏರುವ ದೇವರುಗಳು. ಇವರು ಪರೀಕ್ಷಿಸುವುದು ಉಸಿರನ್ನು. ತಾಳುಬೆಟ್ಟದ ಬುಡದಲ್ಲಿ ‘ಉಘೇ ಮಾದಪ್ಪ’ ಎಂದು ಕೂಗಿದ ಗಂಟಲು ಮೇಲೆ ಹೋದಂತೆ ‘ಉಘೇ’ಗಷ್ಟೇ ಸಾಲುತ್ತದೆ; ಮಾದಪ್ಪ ಅರ್ಥ ಮಾಡಿಕೊಳ್ಳುತ್ತಾನೆ.

ಮಂಜುನಾಥ ಇಳಿಯುವ ದೇವರು. ಇದನ್ನು ಮೊದಲೇ ತಿಳಿಯದೆ ಹೊರಟವರು ಬಹಳ. ಕೊಟ್ಟಿಗೆಹಾರದ ಮಂಜಿನಲ್ಲಿ ಬಿಸಿ ನೀರುದೋಸೆ ತಿಂದು, ಇನ್ನು ಚಾರ್ಮಾಡಿ ಘಾಟಿ ಇಳಿಯುವುದು ತಾನೇ ಎಂದು ಅಲ್ಪರಜಿ ಹಿಗ್ಗುತ್ತಾನೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ನಾಲ್ಕನೆಯ ತಿರುವಿಗೆ ಮಂಡಿಚಿಪ್ಪು ತನ್ನ ಇರವನ್ನು ಸಾರುತ್ತದೆ. ಉಜಿರೆ ಮುಟ್ಟುವ ಹೊತ್ತಿಗೆ ಉಗುರು ನೇರಳೆ ಬಣ್ಣಕ್ಕೆ ತಿರುಗಿ, ನೇತ್ರಾವತಿಯಲ್ಲಿ ಕಾಲಿಟ್ಟಾಗ ಭಕ್ತ ಹಾಕುವ ‘ಅಮ್ಮಾ’ ಎಂಬ ಕೂಗು ಯಾವ ದೇವತೆಯನ್ನು ಉದ್ದೇಶಿಸಿದ್ದು ಎಂದು ನಿರ್ಧರಿಸುವುದು ಕಷ್ಟ.

ವಿಠಲ ಸಮತಲದವನು, ಅವನು ಹಿಡಿಯುವುದು ಅಂಗಾಲನ್ನು, ಬೊಬ್ಬೆಯ ರೂಪದಲ್ಲಿ. ಶ್ರೀಶೈಲದ ಮಲ್ಲಯ್ಯನದು ಮಿಶ್ರವರ್ಗ. ಮೊದಲು ದಿನಗಟ್ಟಲೆ ಬಯಲು, ಬಿಸಿಲು. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು, ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮುನಿಕೊಳನಿಗೆ ಇಳಿದು, ಇಳಿದದ್ದಕ್ಕೆ ದಂಡವೆಂಬಂತೆ ಕೈಲಾಸದ್ವಾರಕ್ಕೆ ಏರಬೇಕು. ಉಸಿರು, ಮಂಡಿ, ಅಂಗಾಲು ಮೂರನ್ನೂ ಇವನು ಬಿಡುವುದಿಲ್ಲ. ಇಷ್ಟು ಸಾಲದೆಂದು ಮರಗಾಲು ಕಟ್ಟಿಕೊಂಡು ಹೋಗುವ ಭಕ್ತರೂ ಉಂಟು. ಭ್ರಮರಾಂಬೆಯನ್ನು ಮನೆಮಗಳೆಂದೇ ಎಣಿಸಿ ಹಬ್ಬಕ್ಕೆ ಸೀರೆ, ಅರಿಸಿನ-ಕುಂಕುಮ ಒಯ್ಯುವ ಜನ ಇವರು. ಮಗಳ ಮನೆಗೆ ಹೊರಟವರಿಗೆ ಕಿಲೋಮೀಟರಿನ ಲೆಕ್ಕ ಒಪ್ಪಿಸಿ ಪ್ರಯೋಜನವಿಲ್ಲ.

ತಿಥಿ–ರಜಾ ವಿಚಾರ

ದೇವರದು ಚಾಂದ್ರಮಾನ, ಆಫೀಸಿನದು ಸೌರಮಾನ. ಎರಡೂ ಕೂಡುವ ಸಂದಿಯಲ್ಲಿ ಅಲ್ಪರಜಿ ತೂರಿಕೊಳ್ಳಬೇಕು.

ಯುಗಾದಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬರುತ್ತದೆ. ಆದಕಾರಣ ಬ್ಯಾಂಕಿನವರು, ಖಜಾನೆಯವರು, ಲೆಕ್ಕಪರಿಶೋಧಕರು ಮಲ್ಲಯ್ಯನಿಗೆ ನಿವೃತ್ತಿಯ ನಂತರವೇ ನಡೆಯತಕ್ಕದ್ದು. ಶಿವರಾತ್ರಿ ಫೆಬ್ರವರಿ-ಮಾರ್ಚಿನದು, ಮನೆಯಲ್ಲಿ ಎಸ್ಸೆಸ್ಸೆಲ್ಸಿಯ ಮಗುವಿದ್ದವರಿಗೆ ಆ ವರ್ಷ ಮಂಜುನಾಥನ ಬದಲು ಗಣಿತವೇ ಆರಾಧ್ಯ. ಸೀಗೆ ಹುಣ್ಣಿಮೆ ಹೆಚ್ಚಾಗಿ ಅಕ್ಟೋಬರಿನದು, ದಸರಾ ರಜೆಯ ಆಸುಪಾಸು. ಶಾಲೆಯ ಮಾಸ್ತರರಿಗೆ ಅಂಬಾಭವಾನಿ ವಿಶೇಷ ಕೃಪೆ ತೋರಿದ್ದಾಳೆ. ಸೊಲ್ಲಾಪುರದವರೆಗೆ ರೈಲಿನಲ್ಲಿ ಹೋದರೆ ಉಳಿಯುವುದು 45 ಕಿ.ಮೀ. ಅಷ್ಟೇ, ಎರಡು ದಿನದ ಕೆಲಸ. ಮಾದಪ್ಪ ಎಲ್ಲರಿಗಿಂತ ಉದಾರಿ: ಶಿವರಾತ್ರಿ, ಯುಗಾದಿ, ದೀಪಾವಳಿ, ಸಾಲದಿದ್ದರೆ ಪ್ರತಿ ಅಮಾವಾಸ್ಯೆ. ಕನಕಪುರದ ಕಡೆಯವರು ಸಂಗಮದಲ್ಲಿ ಕಾವೇರಿ ದಾಟಿ, ಶಾಗ್ಯ, ಕೌದಳ್ಳಿ ಹಾದು ಬೆಟ್ಟ ಸೇರುತ್ತಾರೆ. ಆದರೆ ಆ ಕಾಡಿನಲ್ಲಿ ಆನೆ, ಚಿರತೆಗಳು ಖಾಯಂ ನಿವಾಸಿಗಳು. ಅರಣ್ಯ ಇಲಾಖೆ ಬೇಡವೆಂದ ದಿನ, ಬೇಡವೆಂದ ಹೊತ್ತಿನಲ್ಲಿ ನಡೆಯತಕ್ಕದ್ದಲ್ಲ.

ಶಬರಿಮಲೆಯನ್ನು ಇಲ್ಲಿ ಅಪವಾದವಾಗಿ ಹೇಳಬೇಕು. ಪಂಪೆಯಿಂದ ಸನ್ನಿಧಾನಕ್ಕೆ 5 ಕಿ.ಮೀ. ದಾರಿ, ಎರುಮೇಲಿಯಿಂದ ಅಳುದಾ, ಕರಿಮಲೆ ದಾಟಿ ಬಂದರೂ ಒಂದೆರಡು ರಾತ್ರಿ. ಇಷ್ಟಕ್ಕೆ 41 ದಿನದ ವ್ರತ. ಅಲ್ಪರಜಿ ಇದರಿಂದ ಕಲಿಯತಕ್ಕದ್ದು ಇದೆ: ವ್ರತಕ್ಕೆ ರಜೆ ಬೇಕಿಲ್ಲ. ಹೊರಡುವ ಮುಂಚಿನ ಆರು ವಾರ ದಿನಾ ಬೆಳಗ್ಗೆ ಒಂದು ಗಂಟೆ ನಡೆದವನ ರಜೆ ನಾಲ್ಕು ದಿನವಾದರೂ ಯಾತ್ರೆ ಆರು ವಾರದ್ದೇ.

ಟೆಂಪೊ ಅಧಿಕರಣ

ತಂಡದ ಹಾಸಿಗೆ, ಪಾತ್ರೆ, ಅಕ್ಕಿಮೂಟೆ ಹೊತ್ತ ಟೆಂಪೊ ಮುಂದೆ ಹೋಗಿ ಮರದಡಿ ಕಾಯುತ್ತಿರುತ್ತದೆ. ಕಾಲು ಸೋತವನು ಅದರಲ್ಲಿ 3 ಕಿ.ಮೀ. ಕುಳಿತರೆ ಅವನ ಪುಣ್ಯದ ಗತಿ ಏನು? ಪೂರ್ತಿ ನಾಶ ಎನ್ನುವವರು ಕಠಿಣಪಕ್ಷದವರು. 3 ಕಿ.ಮೀ. ಮಾತ್ರ ಕಳೆಯಬೇಕು ಎನ್ನುವವರು ಗಣಿತಪಕ್ಷದವರು. ಹತ್ತುವಾಗ ಯಾರೂ ನೋಡದಿದ್ದರೆ ನಷ್ಟವಿಲ್ಲ ಎಂಬುದು ವ್ಯವಹಾರಪಕ್ಷ. ನಮ್ಮ ನಿರ್ಣಯ: ಹತ್ತಿದವನು ಮುಂದಿನ ತಂಗುದಾಣದಲ್ಲಿ ಎಲ್ಲರಿಗಿಂತ ಮೊದಲು ಇಳಿದು ಈರುಳ್ಳಿ ಹೆಚ್ಚಿಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಸಾರಿನ ರುಚಿ ನೋಡಿದ ಮೇಲೆ ಕಠಿಣಪಕ್ಷದವರೂ ಇದಕ್ಕೆ ಬಾಯಿ ಮಾಡುವುದಿಲ್ಲ.

ದಾಸೋಹ ಅಧಿಕರಣ

ಈ ಭಾಗಕ್ಕೆ ಪಂಡಿತರು ತಲೆ ಕೆಡಿಸಿಕೊಂಡದ್ದು ಕಡಿಮೆ. ಯಾತ್ರೆಯ ಕಠಿಣ ಭಾಗ ಇದೇ. ಶ್ರೀಶೈಲದ ದಾರಿಯ ಹಳ್ಳಿಗಳಲ್ಲಿ ಶಾಮಿಯಾನ ಹಾಕಿ ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ-ಪಲ್ಯ ಕೊಡುತ್ತಾರೆ. ಬೋಗುಣಿಯಲ್ಲಿ ಬಿಸಿನೀರು, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಮೀಸೆ ಮೂಡದ ಹುಡುಗನೊಬ್ಬ ಯಾರದೋ ಮುದುಕರ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ, ‘ಅಜ್ಜಾರ, ಆ ಕಾಲೂ ಕೊಡ್ರಿ’ ಎನ್ನುತ್ತಾನೆ. ಅಜ್ಜ ಮಾತಿಲ್ಲದೆ ಕೊಡುತ್ತಾನೆ. ಸರದಿ ಅಲ್ಪರಜಿಗೆ ಬಂದಾಗ ಅವನು ಕಾಲು ಹಿಂದಕ್ಕೆಳೆದುಕೊಂಡು, ‘ಎಷ್ಟಾಯ್ತು?’ ಎಂದು ಫೋನು ತೆಗೆಯುತ್ತಾನೆ. ಅಲ್ಲಿ ಸ್ಕ್ಯಾನ್ ಮಾಡುವ ಫಲಕವಿಲ್ಲ. ಹುಡುಗ ಇನ್ನೂ ಕೈ ಚಾಚಿಯೇ ಕುಳಿತಿದ್ದಾನೆ. ಕೊಡುವುದು ಬಲ್ಲ, ಪಡೆಯುವುದು ಅರಿಯದ ಜೀವಕ್ಕೆ ಈ ಒಂದು ಗೇಣು ದಾಟುವುದು ಉಳಿದ ನಾನೂರು ಕಿಲೋಮೀಟರಿಗಿಂತ ಭಾರ. ಆದ್ದರಿಂದ ದಾರಿ ಆರಿಸುವಾಗ ಹೋಟೆಲು ಎಷ್ಟಿವೆ ಎಂದು ನೋಡದೆ, ದಾಸೋಹ ಎಷ್ಟಿವೆ ಎಂದು ನೋಡತಕ್ಕದ್ದು. ಅದು ಹಬ್ಬದ ಹೊತ್ತಿನ ಜನಜಂಗುಳಿಯಲ್ಲಿ ಮಾತ್ರ ಸಿಗುತ್ತದೆ. ಜನ ಕಡಿಮೆ ಇರುವಾಗ ಹೋಗುವೆನೆಂಬ ಜಾಣನಿಗೆ ಖಾಲಿ ರಸ್ತೆ ಸಿಗುತ್ತದೆ, ಬಿಸಿನೀರು ಸಿಗುವುದಿಲ್ಲ.

ಸಿದ್ಧಾಂತ

ಅಲ್ಪರಜಿ ಬಾಲಕಡೆಯವನೇ ಆಗತಕ್ಕದ್ದು. ಹಬ್ಬದ ಹೊತ್ತಿನಲ್ಲೇ, ತಂಡದೊಡನೆಯೇ ನಡೆಯತಕ್ಕದ್ದು. ದೇವರು ಯಾವುದು ಎಂಬುದನ್ನು ಸಾರಣಿ ಹಾಕಿ ತೂಗಿ ನಿರ್ಧರಿಸತಕ್ಕದ್ದಲ್ಲ; ತನ್ನ ಬೀದಿಯಿಂದ ಯಾವ ತಂಡ ಹೊರಡುವುದೋ ಆ ತಂಡದ ದೇವರೇ ಮೊದಲ ದೇವರು. ಇದಕ್ಕೆ ಪ್ರಮಾಣವಾಗಿ, ಪ್ರತಿ ಶಿವರಾತ್ರಿಗೂ ಧರ್ಮಸ್ಥಳಕ್ಕೆ ತಂಡ ಕಟ್ಟುವ ಬೆಂಗಳೂರಿನ ಹೂವಿನಂಗಡಿಯವರೊಬ್ಬರ ಮುಂದೆ ಈ ಶಾಸ್ತ್ರದ ಮೇಲಿನ ಭಾಗಗಳನ್ನೆಲ್ಲ ಸವಿಸ್ತಾರವಾಗಿ ಮಂಡಿಸಲಾಯಿತು. ಅವರು ದಾರದ ಗಂಟು ಹಾಕುತ್ತಲೇ ಕೇಳಿಸಿಕೊಂಡರು.

‘ರಜ ಎಷ್ಟ್ ದಿನ ಸಾರ್ ನಿಮ್ಗೆ?’

‘ನಾಲ್ಕು.’

‘ಹಂಗಾದ್ರೆ ಮೂಡಿಗೆರೆಗೆ ಬಸ್ಸಲ್ಲಿ ಬಂದ್ಬಿಡಿ. ನಾವು ಅಷ್ಟೊತ್ತಿಗೆ ನಡ್ಕೊಂಡು ಅಲ್ಲಿರ್ತೀವಿ. ಅಲ್ಲಿಂದ ಮೂರು ದಿನ. ಹೊಸ ಶೂ ಹಾಕ್ಕೊಂಡು ಬರ್ಬೇಡಿ, ಉಗುರು ಕತ್ತರಿಸ್ಕೊಂಡು ಬನ್ನಿ. ಕೊಬ್ಬರಿ ಎಣ್ಣೆ ಒಂದು ಬಾಟ್ಲಿ ಇರ್ಲಿ, ತೊಡೆಸಂದಿಗೆ.’

‘ನಾಲ್ಕನೇ ದಿನ?’

‘ಅವತ್ತು ಮನೇಲಿ ಮೆಟ್ಲು ಇಳಿಯಕ್ಕಾಗಲ್ಲ ಸಾರ್. ಅದ್ಕೇ ಒಂದಿನ ಇಟ್ಕೊಳಿ.’

ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿಗೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಐದೂ ಮುಗಿದವು. ಒಂದು ಮೊಳ ಮಲ್ಲಿಗೆಯೂ ಮುಗಿದಿತ್ತು.

ಫಲಶ್ರುತಿ

ಈ ಶಾಸ್ತ್ರವನ್ನು ಕುಳಿತು ಓದಿದವರಿಗೆ ಒಂದು ಹೆಜ್ಜೆಯ ಫಲವೂ ಇಲ್ಲ. ನಿಂತು ಓದಿದವರಿಗೆ ಕಾಲುನೋವಿನ ಅಭ್ಯಾಸ. ಪರರಿಗೆ ಓದಿಹೇಳಿದವರಿಗೆ ಪರರ ಶಾಪ. ಇದನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿ ಮೆಟ್ಟಿ, ಹಾಲಿನ ಬೂತಿಗೆ ನಡೆದೇ ಹೋದವರು ಹಾಲು ತಂದ ಮೇಲೆ ರಜೆಯ ಅರ್ಜಿ ಬರೆಯಲು ಅರ್ಹರು.