ಶನಿಯ ಹರಳು

ನಮ್ಮ ಘಾಟಬೋರಾಳದ ಕಟ್ಟೆಯ ಮೇಲೆ ಕೂತವರ ಬೆರಳು ನೋಡಿದರೆ ಸಾಕು, ಯಾರ ಮೇಲೆ ಯಾವ ಗ್ರಹಕ್ಕೆ ಸಿಟ್ಟಿದೆ ಎಂದು ತಿಳಿಯುತ್ತದೆ. ಹವಳವಿದ್ದರೆ ಮಂಗಳ, ಮುತ್ತಿದ್ದರೆ ಚಂದ್ರ. ನಡುಬೆರಳಿನಲ್ಲಿ ನೀಲ ಕಂಡರೆ ಮಾತ್ರ ಪಕ್ಕದವರು ತುಸು ಸರಿದು ಕೂಡುತ್ತಾರೆ. "ಸಾಡೇಸಾತಿ ನಡದದೇನ್ರಿ ಕಾಕಾ?" ಕಾಕಾ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ; ಉಂಗುರವನ್ನೊಮ್ಮೆ ತಿರುಗಿಸಿಕೊಳ್ಳುತ್ತಾರೆ.

ಬಸವಕಲ್ಯಾಣ ಇಲ್ಲಿಂದ ದೂರವೇನಲ್ಲ. ವಾರ, ತಿಥಿ, ಶಕುನಕ್ಕೆ ಅಂಜಬೇಡಿ ಎಂದು ಶರಣರು 12ನೆಯ ಶತಮಾನದಲ್ಲೇ ಅಲ್ಲಿ ಹೇಳಿಯಾಗಿದೆ. ಬಸವ ಜಯಂತಿಯ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಇರುವವರೂ ಇದೇ ಕಾಕಾ. ನೆನಪಿಸಿದರೆ ಉತ್ತರ ಸಿದ್ಧ: "ಶರಣರು ಸೊಸೈಟಿ ಸಾಲ ತಗೊಂಡಿದ್ರೇನು ತಮ್ಮಾ?"

ನೀಲವನ್ನು ಕೊಂಡ ಕೂಡಲೇ ಧರಿಸುವಂತಿಲ್ಲ. ಮೊದಲು ತಲೆದಿಂಬಿನ ಕೆಳಗಿಟ್ಟು ಮಲಗಬೇಕು. ಕೆಟ್ಟ ಕನಸು ಬಿದ್ದರೆ ಸರಾಫನಿಗೆ ವಾಪಸು. ಬೇಸಿಗೆಯಲ್ಲಿ ಕರೆಂಟು ಹೋಗಿ, ಸೊಳ್ಳೆ ಕಡಿದು ಕೆಟ್ಟ ನಿದ್ದೆಯೂ ಹರಳಿನ ಲೆಕ್ಕಕ್ಕೇ ಜಮಾ. ಇಷ್ಟೆಲ್ಲ ನಡೆಯುವಾಗ ಅದರ ಬಣ್ಣದ ಮಾತನ್ನು ಒಬ್ಬರೂ ಎತ್ತುವುದಿಲ್ಲ. ಇಷ್ಟು ಚಂದದ ವಸ್ತುವನ್ನು ಜನ ಅಂಜಿ ಕೊಳ್ಳುತ್ತಾರಲ್ಲ ಎಂಬುದೇ ನನ್ನ ಸಂಕಟ. ಕಾಶ್ಮೀರದ ಪಾಡರ್ ಕಣಿವೆಯಲ್ಲಿ 1880ರ ದಶಕದಲ್ಲಿ ಸಿಕ್ಕ ನೀಲಕ್ಕೆ ಮಖಮಲ್ಲಿನಂಥ ಮಬ್ಬು ಹೊಳಪು. ಕೆಲವೇ ವರ್ಷಗಳಲ್ಲಿ ಆ ಗಣಿ ಹೆಚ್ಚುಕಡಿಮೆ ಬರಿದಾಯಿತು; ಅದರ ಹರಳಿಗೆ ಇವತ್ತಿಗೂ ಉಳಿದೆಲ್ಲ ನೀಲಗಳಿಗಿಂತ ಹೆಚ್ಚಿನ ಬೆಲೆ. ಶ್ರೀಲಂಕಾದ ರತ್ನಪುರದಲ್ಲಿ ಹಳ್ಳದ ಗರಸನ್ನು ಬುಟ್ಟಿಯಲ್ಲಿ ಜಾಲಿಸಿ ಇದನ್ನು ಹೆಕ್ಕುತ್ತಾರೆ.

ಇನ್ನು ಕುಲದ ವಿಚಾರ. ಅಲ್ಯೂಮಿನಿಯಂ, ಆಮ್ಲಜನಕ ಕೂಡಿ ಗಟ್ಟಿಯಾದ ಕಲ್ಲಿನಲ್ಲಿ ಕಬ್ಬಿಣ, ಟೈಟಾನಿಯಂ ಚೂರು ಬೆರೆತರೆ ನೀಲ. ಕ್ರೋಮಿಯಂ ಬೆರೆತರೆ ಮಾಣಿಕ್ಯ. ಮಾಣಿಕ್ಯ ಸೂರ್ಯನದು, ನೀಲ ಅವನ ಮಗ ಶನಿಯದು. ಅಪ್ಪ ಮಗನಿಗೆ ಆಗಿಬರುವುದಿಲ್ಲ, ಒಂದೇ ಕೈಗೆ ಎರಡೂ ಬೇಡ ಎನ್ನುತ್ತಾರೆ ಜ್ಯೋತಿಷಿಗಳು. ಹೊಲ ಹಂಚಿಕೆಯಾದ ಮೇಲೆ ನಮ್ಮ ಕಡೆಯೂ ಹಾಗೆಯೇ. ಇದೇ ಮನೆತನದ ಬಡ ನೆಂಟ ಕುರಂದ: ಹೊಳಪಿಲ್ಲ, ಗಡಸುತನ ಮಾತ್ರ ವಜ್ರದ 10ಕ್ಕೆ ಬರೀ ಒಂದು ಕಡಿಮೆ. ಹಳೆಯ ಕಾಲದ ಸಾಣೆಯವರು ಅದರ ಪುಡಿಯನ್ನು ಅರಗಿನಲ್ಲಿ ಕಲೆಸಿ ಚಕ್ರ ಮಾಡಿಕೊಳ್ಳುತ್ತಿದ್ದರು. ಕುಡಗೋಲು ಹರಿತವಾಗಲು ಜಾತಕ ಬೇಕಿರಲಿಲ್ಲ.

ಫ್ರಾನ್ಸಿನ ವರ್ನೊಯ್ 1902ರಲ್ಲಿ ಮಾಣಿಕ್ಯವನ್ನು ಉರಿಯಲ್ಲಿ ಬೆಳೆಸುವ ಬಗೆ ಪ್ರಕಟಿಸಿದ; ನೀಲವೂ ಹಿಂದೆಯೇ ಬಂತು. 2014ರಲ್ಲಿ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಯನ್ನೂ ಹೆಚ್ಚಾಗಿ ಇದೇ ಕುಲದ ಕೃತಕ ಹರಳಿನ ಬಿಲ್ಲೆಯ ಮೇಲೆ ಕೂರಿಸುತ್ತಾರೆ. ಆದರೆ ಭಟ್ಟಿಯಲ್ಲಿ ಬೆಂದ ನೀಲಕ್ಕೆ ಶನಿ ಸೊಪ್ಪು ಹಾಕುವುದಿಲ್ಲವಂತೆ, ಅಸಲಿಯೇ ಬೇಕಂತೆ. ಗಣಿಯ ಅಸಲಿ ನೀಲವನ್ನೂ ಬಣ್ಣ ಏರಲೆಂದು ಬಹುಪಾಲು ಒಲೆಗೆ ಹಾಕಿಯೇ ಮಾರುತ್ತಾರೆ. ಇದನ್ನು ಶನಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ.