ತಿರುಗುವುದು ತಲೆಯಲ್ಲ, ಊರು: ಗುಳಿಗೋತ್ತರ ಭ್ರಮಣ ಮೀಮಾಂಸೆ

ಆಂಟಿಬಯೋಟಿಕ್ ಗುಳಿಗೆ ನುಂಗಿದ ಎರಡನೆಯ ದಿನವೋ ಮೂರನೆಯ ದಿನವೋ ಮಂಚದಿಂದ ಏಳಹೊರಟ ಮನುಷ್ಯ ಗೋಡೆ ಹಿಡಿದು ನಿಂತು ಏನು ಹೇಳುತ್ತಾನೆ ಎಂಬುದರ ಮೇಲೆ ಈ ಶಾಸ್ತ್ರವೆಲ್ಲ ನಿಂತಿದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಾಗಲಿ, ಸಿರುಗುಪ್ಪದ ಓಣಿಯಲ್ಲಾಗಲಿ, ಕುರುಗೋಡಿನ ಗುಡ್ಡದ ಬುಡದಲ್ಲಾಗಲಿ ಆತ ಹೇಳುವುದು ಒಂದೇ ಮಾತು: "ಮನೀನ ಗಿರ್ ಅಂತ ತಿರುಗಿದಂಗ ಆಗತೈತಿ." ನನ್ನ ಒಳಕಿವಿಯ ರೋಮಕೋಶಗಳು ಮಿದುಳಿಗೆ ತಪ್ಪು ವರದಿ ಕಳಿಸುತ್ತಿವೆ ಎಂದು ದೂರು ಕೊಟ್ಟ ರೋಗಿ ಈ ಮೂರೂ ಊರುಗಳಲ್ಲಿ ಇದುವರೆಗೆ ಹುಟ್ಟಿಲ್ಲ. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಹಿರಿಯದೆಂದು ನೈಯಾಯಿಕರು ಒಪ್ಪುತ್ತಾರೆ. ಚಾರ್ವಾಕರಂತೂ ಅದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಒಪ್ಪಿದವರಲ್ಲ. ಮನೆ ತಿರುಗುವುದನ್ನು ಕಣ್ಣಾರೆ ಕಂಡವನ ಸಾಕ್ಷ್ಯವನ್ನು ತಳ್ಳಿಹಾಕಿ, ಕಾಣದ ಕಿವಿಯೊಳಗಿನ ಕಾಣದ ಕೂದಲನ್ನು ನಂಬುವುದು ಯಾವ ಶಾಸ್ತ್ರಮರ್ಯಾದೆ? ಆದ್ದರಿಂದ ಸಿದ್ಧಾಂತವನ್ನು ಮೊದಲೇ ಹೇಳಿಬಿಡುವುದು ವಾಸಿ. ಗುಳಿಗೆಯ ನಂತರ ತಿರುಗುವುದು ತಲೆಯಲ್ಲ, ಊರು. ಗುಳಿಗೆಗೂ ತಲೆಗೂ ಯಾವ ಜಗಳವೂ ಇಲ್ಲ.

ಪೂರ್ವಪಕ್ಷವನ್ನು ಅದರ ಪೂರ್ತಿ ಬಲದಲ್ಲೇ ನಿಲ್ಲಿಸಿ ಉರುಳಿಸಬೇಕು. ವೈದ್ಯರ ವಾದ ಹೀಗಿದೆ. ಎರಡೂ ಒಳಕಿವಿಗಳಲ್ಲಿ ಮೂರು ಮೂರು ಅರೆವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ, ತಲೆ ತಿರುಗಿಸಿದಾಗ ದ್ರವ ಸ್ವಲ್ಪ ಹಿಂದೆ ಉಳಿದು ರೋಮಕೋಶಗಳನ್ನು ಬಾಗಿಸುತ್ತದೆ, ಆ ಬಾಗೇ ಮಿದುಳಿಗೆ ಸುದ್ದಿ. ಇದನ್ನು ಬಿಡಿಸಿಟ್ಟ ವಿಯೆನ್ನಾದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಸಂದಿತು, ಅದೂ ಆತ ರಷ್ಯದ ಯುದ್ಧಕೈದಿಯಾಗಿದ್ದಾಗ. ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣುಗುಡ್ಡೆ ಒಂದು ಕಡೆಗೂ ಬಿಸಿನೀರು ಬಿಟ್ಟರೆ ಇನ್ನೊಂದು ಕಡೆಗೂ ಎಳೆಯುತ್ತದೆಂದು ತೋರಿಸಿದವನು ಆತ. ಈಗಿನ ಆಸ್ಪತ್ರೆಗಳಲ್ಲಿ ಆ ಪರೀಕ್ಷೆಗೆ 30 ಮತ್ತು 44 ಡಿಗ್ರಿಯ ನೀರು ಬಳಸುತ್ತಾರೆ. 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನಿಂದ 30 ಡಿಗ್ರಿಯ ನೀರು ಇಳಿಸಿ ತೋರಿಸಿದರೆ ಮಾತ್ರ ಈ ವಾದ ನಮ್ಮ ಜಿಲ್ಲೆಗೆ ಅನ್ವಯಿಸುತ್ತದೆ ಎಂಬ ಒಂದು ತಾಂತ್ರಿಕ ಆಕ್ಷೇಪವನ್ನು ಇಲ್ಲಿಯೇ ದಾಖಲಿಸಿ ಮುಂದೆ ಹೋಗೋಣ.

ಅವರ ಮುಖ್ಯ ಸಾಕ್ಷಿ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಮದ್ದು ಅದು. ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಔಷಧ. ಚುಚ್ಚಿಸಿಕೊಂಡವರಲ್ಲಿ ಕೆಲವರಿಗೆ ಕೆಮ್ಮು ಇಳಿದು ನಡಿಗೆ ಕೆಟ್ಟಿತು. ಸ್ಟ್ರೆಪ್ಟೊಮೈಸಿನ್ನೂ ಅದರ ದಾಯಾದಿ ಜೆಂಟಾಮೈಸಿನ್ನೂ ರೋಮಕೋಶಗಳನ್ನು ಕೊಲ್ಲಬಲ್ಲವು, ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟಿಕೊಳ್ಳುವುದಿಲ್ಲ ಎನ್ನುತ್ತಾರೆ. 1952ರಲ್ಲಿ ಜೆ.ಸಿ. ಎಂಬ ಎರಡೇ ಅಕ್ಷರಗಳ ಹಿಂದೆ ಅಡಗಿದ ಅಮೆರಿಕದ ವೈದ್ಯನೊಬ್ಬ ತನ್ನ ಸ್ಥಿತಿಯನ್ನು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಸ್ಟ್ರೆಪ್ಟೊಮೈಸಿನ್ ಪಡೆದ ಮೇಲೆ ಆತ ಹಾಸಿಗೆಯಲ್ಲಿ ಓದಬೇಕಾದರೆ ತಲೆಯನ್ನು ಮಂಚದ ಸರಳುಗಳಿಗೆ ಒತ್ತಿ ಹಿಡಿಯಬೇಕಿತ್ತು. ಇಲ್ಲವಾದರೆ ನಾಡಿ ಬಡಿದಾಗಲೆಲ್ಲ ಅಕ್ಷರ ಜಿಗಿಯುತ್ತಿತ್ತು. ನಡೆಯುವಾಗ ಎದುರಿನವರ ಮುಖ ಗುರುತಾಗುತ್ತಿರಲಿಲ್ಲ. ಈ ಸಾಕ್ಷ್ಯ ಯಾರ ಪರವಾಗಿದೆ, ನೋಡಿ. ಜಿಗಿದದ್ದು ಅಕ್ಷರ, ಕುಣಿದದ್ದು ರಸ್ತೆ. ವೈದ್ಯನೇ ಹೇಳಿದ್ದಾನೆ. ಮೇಲಾಗಿ, ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನಡೆಯುತ್ತ ಎದುರು ಬಂದವರ ಗುರುತು ಸಿಗದಿರುವುದು ಕೈಸಾಲ ಮಾಡಿದವನಿಗೆ ರೋಗವೋ ವರವೋ ಎಂಬುದನ್ನು ಆ ಲೇಖನ ಪರಿಶೀಲಿಸಿಲ್ಲ.

ಆದರೂ ಊರಿನ ಚಲನೆಗೆ ಸ್ವತಂತ್ರ ಸಾಕ್ಷಿ ಬೇಕೆನ್ನುವವರಿಗೆ ಸಿರುಗುಪ್ಪವಿದೆ. ತುಂಗಭದ್ರೆಯ ನೀರುಂಡು ಬೆಳೆಯುವ ಅಲ್ಲಿನ ಭತ್ತಕ್ಕೆ ದುಂಡಾಣು ಅಂಗಮಾರಿ ತಗುಲಿದರೆ ರೈತರು ಹೊಡೆಯುತ್ತ ಬಂದಿರುವ ಪುಡಿ ಸ್ಟ್ರೆಪ್ಟೊಸೈಕ್ಲಿನ್. ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್, ಅಂದರೆ ಕ್ಷಯರೋಗಿಗೆ ಚುಚ್ಚಿದ್ದೇ ಗದ್ದೆಗೂ ಬಿದ್ದಿದೆ. ಈಗ ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ಪೈರು ತೂಗುತ್ತದೆ, ಬಾಗುತ್ತದೆ, ಮತ್ತೆ ಸಾವರಿಸಿಕೊಳ್ಳುತ್ತದೆ; ಕೆಲವೊಮ್ಮೆ ಸಾವರಿಸಿಕೊಳ್ಳಲಾಗದೆ ಮಲಗಿಬಿಡುತ್ತದೆ. ಇದು ಗಾಳಿಯಿಂದ ಎನ್ನುವುದು ಹಳೆಯ ಅಂದಾಜು. ಮದ್ದು ಹೊಡೆಯದ ಗದ್ದೆಯ ಪೈರೂ ತೂಗುತ್ತದಲ್ಲ ಎಂದರೆ, ಕಾಲುವೆ ಒಂದೇ, ಬಸಿನೀರು ಒಂದೇ. ಮೇಲಿನವನು ಹೊಡೆದ ಔಷಧ ಕೆಳಗಿನವನ ಮಡಿಗೆ ಹರಿಯದೆ ಎಲ್ಲಿಗೆ ಹೋಗುತ್ತದೆ? ಭತ್ತಕ್ಕೆ ಕಿವಿಯಿಲ್ಲ. ಕಿವಿಯಿಲ್ಲದ್ದೂ ತೂರಾಡುತ್ತದೆಂದರೆ ಕಿವಿಯ ಸಿದ್ಧಾಂತಕ್ಕೆ ಅಲ್ಲಿಗೇ ಮಣ್ಣು ಬಿತ್ತು. (ಹೀಗೆ ಗದ್ದೆಗೆ ಸುರಿದ ಮದ್ದಿಗೆ ಸೂಕ್ಷ್ಮಜೀವಿಗಳು ಒಗ್ಗಿಹೋಗುತ್ತವೆ, ಮನುಷ್ಯನಿಗೆ ಬೇಕಾದಾಗ ಅದು ಕೆಲಸ ಮಾಡದು ಎಂಬ ಚಿಂತೆಯಿಂದ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಈ ಬಳಕೆ ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ಆ ಚಿಂತೆ ನಿಜವಾದದ್ದು. ಆದ್ದರಿಂದಲೇ ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಪ್ರತಿವಾದಿಗಳ ಮುಂದಿನ ಪ್ರಶ್ನೆ ಸ್ವಲ್ಪ ಚುರುಕಾದದ್ದು: ಊರೇ ತಿರುಗಿದರೆ ಗುಳಿಗೆ ನುಂಗಿದವನಿಗೆ ಮಾತ್ರ ಏಕೆ ಕಾಣಬೇಕು? ಇದಕ್ಕೆ ಉತ್ತರಿಸುವ ಮೊದಲು ಜಿಲ್ಲೆಯಲ್ಲಿ ಪ್ರಚಲಿತವಿರುವ ಇತರ ದರ್ಶನಗಳನ್ನು ನೋಡಬೇಕು. ಪಿತ್ತವಾದಿಗಳ ಪ್ರಕಾರ ಬೆಳಿಗ್ಗೆ ತಿಂದ ಮಿರ್ಚಿ, ವಗ್ಗಾಣಿ ಪಿತ್ತ ಏರಿಸಿವೆ; ನಿಂಬೆಹಣ್ಣಿನ ಪಾನಕ ಕುಡಿಯಬೇಕು. ಉಷ್ಣವಾದಿಗಳಿಗೆ ಬಿಸಿಲೇ ಕಾರಣ, ಮಜ್ಜಿಗೆ ಕುಡಿಯಬೇಕು. ನಿಶ್ಶಕ್ತಿವಾದಿಗಳಿಗೆ ಮೈಯಲ್ಲಿ ಶಕ್ತಿಯೇ ಇಲ್ಲ. ಒಂದು ಬಾಟಲಿ ಏರಿಸಬೇಕು. ದೃಷ್ಟಿವಾದಿಗಳು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಈ ದರ್ಶನಕ್ಕೆ ಖರ್ಚು ಕಡಿಮೆ. ನಾಲ್ಕೂ ಪಂಥಗಳು ಒಂದನ್ನೊಂದು ಒಪ್ಪುವುದಿಲ್ಲ. ಆದರೆ ಎಲ್ಲರೂ ಒಕ್ಕೊರಲಿನಿಂದ ಒಪ್ಪುವ ಸೂತ್ರವೊಂದಿದೆ: ಗುಳಿಗೆ ನಿರ್ದೋಷಿ. ನಿನ್ನೆ ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ "ಪವರ್ ಇರೋದು ಕೊಡ್ರಿ" ಎಂದು ಕೇಳಿ ತಂದ ಗುಳಿಗೆಯ ಹೆಸರನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ನೆಗಡಿ ವೈರಸ್ಸಿನಿಂದ ಬರುವಂಥದ್ದು, ಆಂಟಿಬಯೋಟಿಕ್‌ಗೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನೂ ಎತ್ತುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಗುಳಿಗೆಗಳ ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಚೀಟಿಯಲ್ಲಿ ತಲೆಸುತ್ತು ಎಂದು ಅಚ್ಚಾಗಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದೇ ಗುಳಿಗೆಗಳು ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಬಹುದೆಂದೂ ಇರುತ್ತದೆ. ಮಿನೊಸೈಕ್ಲಿನ್ ತಲೆ ತಿರುಗಿಸುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ನಿಲ್ಲಿಸಿದರೆ ಇಳಿಯುತ್ತದೆ ಎಂಬುದು 1970ರ ದಶಕದಿಂದ ಗೊತ್ತಿದೆ. ಆದರೆ ಗುಳಿಗೆಗಳನ್ನು ಪಟ್ಟಿಯಿಂದ ಕತ್ತರಿಸಿ ನಾಲ್ಕು ನಾಲ್ಕಾಗಿ ಕಾಗದದ ಪೊಟ್ಟಣದಲ್ಲಿ ಕೊಡುವ ಕಡೆ ಚೀಟಿಗೆ ಪ್ರವೇಶವಿಲ್ಲ. ಓದದ ಸಾಕ್ಷ್ಯ ಸಾಕ್ಷ್ಯವಲ್ಲ. ಹೀಗೆ ಸರ್ವದರ್ಶನಸಮ್ಮತಿಯಿಂದ ಗುಳಿಗೆ ಖುಲಾಸೆಯಾದ ಮೇಲೆ ಉಳಿಯುವ ಆರೋಪಿ ಊರೊಂದೇ. ಗುಳಿಗೆ ನುಂಗಿದವನಿಗೆ ಮಾತ್ರ ಅದು ತಿರುಗಿ ಕಾಣುವುದೇಕೆಂದರೆ, ಉಳಿದವರು ಊರಿನ ಜೊತೆಗೇ ತಿರುಗುತ್ತಿರುತ್ತಾರೆ. ಹೊಳೆಯಲ್ಲಿ ದೋಣಿ ಮುಂದೆ ಸಾಗುವಾಗ ದಡ ಹಿಂದೆ ಓಡಿದಂತೆ ಕಾಣುತ್ತದೆಂದು ಆರ್ಯಭಟ 499ರಷ್ಟು ಹಿಂದೆಯೇ ಹೇಳಿದ್ದಾನೆ. ಆತ ಅದನ್ನು ನಕ್ಷತ್ರಗಳ ವಿಷಯಕ್ಕೆ ಬಳಸಿದ್ದು ಅವನ ಕಾಲದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಇಲ್ಲದಿದ್ದುದರಿಂದ.

ಇನ್ನು ತಿರುಗುವ ಊರಿನಲ್ಲಿ ಬಾಳುವ ಬಗೆ. ಮೊದಲಿಗೆ ಒಂದು ಸ್ಥಿರಬಿಂದು ಬೇಕು. ಬಳ್ಳಾರಿ ಗುಡ್ಡ ಏಕಶಿಲೆಯಾದ್ದರಿಂದ ಅದೇ ಸಾಕೆಂದು ತೋರಬಹುದು, ಆದರೆ ಗುಡ್ಡದ ಚರಿತ್ರೆ ಶುದ್ಧವಾಗಿಲ್ಲ. ಹೈದರಾಲಿಗಾಗಿ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರು, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆಯೆಂಬುದು ಕಟ್ಟಿ ಮುಗಿದ ಮೇಲೆ ಹೊಳೆದದ್ದರಿಂದ ನೇಣಿಗೇರಿದನೆಂದು ಜನ ಹೇಳುತ್ತಾರೆ. ಅಳತೆ ಬಲ್ಲ ಎಂಜಿನಿಯರಿನ ಕಣ್ಣೆದುರೇ ಎತ್ತರ ತಗ್ಗು ಅದಲುಬದಲಾದ ಗುಡ್ಡವನ್ನು ರೋಗಿಯ ಕೈಗೆ ಕೊಡುವುದು ಹೊಣೆಗೇಡಿತನ. ಆತ ಆಗ ಯಾವ ಗುಳಿಗೆಯ ಮೇಲಿದ್ದನೋ ಗೊತ್ತಿಲ್ಲ. ಪೆನಿಸಿಲಿನ್ ಬರಲು ಇನ್ನೂ ಒಂದೂವರೆ ಶತಮಾನವಿತ್ತೆಂಬ ಕಾಲಗಣನೆಯ ತೊಡಕನ್ನು ಮುಂದಿನ ಸಂಶೋಧಕರು ಬಿಡಿಸಲಿ. ನಿಶ್ಚಲತೆಯಲ್ಲಿ ಕಳಂಕವಿಲ್ಲದ್ದು ಕುರುಗೋಡಿನ ದೊಡ್ಡಬಸವೇಶ್ವರ ಮಾತ್ರ. ವರುಷಕ್ಕೊಮ್ಮೆ ತೇರು ಎಳೆದು ಜನಸಾಗರವೇ ಸುತ್ತ ಹೊರಳಾಡಿದರೂ ಒಳಗಿನ ಆ ಕಲ್ಲಿನ ಬಸವಣ್ಣ ಕತ್ತು ತಿರುಗಿಸಿದ ದಾಖಲೆಯಿಲ್ಲ. ಆದ್ದರಿಂದ ರೋಗಿಯು ಎದುರಿಗೆ ಬಸವಣ್ಣನ ಪಟವಿಟ್ಟುಕೊಂಡು ಅದರ ಮೇಲೇ ಕಣ್ಣು ನೆಟ್ಟು, ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ, ಮೊದಲು ನಿಧಾನ, ಆಮೇಲೆ ಚುರುಕಾಗಿ ಆಡಿಸಬೇಕು. ಸಮತೋಲನದ ವ್ಯಾಯಾಮ ಹೇಳಿಕೊಡುವವರೂ ಇದನ್ನೇ ಹೇಳುತ್ತಾರೆ. ಅವರು ಪಟದ ಬದಲು ಗೋಡೆಗೆ ಅಂಟಿಸಿದ ಒಂದಕ್ಷರ ಸಾಕೆನ್ನುತ್ತಾರೆ, ಭಕ್ತಿ ಸಾಲದವರು. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ರೂಢಿಸಿದ ಕ್ರಮದಲ್ಲಿ ಕೂತು ಏಳುವುದು, ಚೆಂಡನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಕೈಯಿಂದ ಕೈಗೆ ಎಸೆಯುವುದು, ಇಳಿಜಾರಿನಲ್ಲಿ ಹತ್ತಿ ಇಳಿಯುವುದು ಎಲ್ಲ ಇವೆ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತಿರಬೇಕು, ಏಕೆಂದರೆ ಕಿವಿ ಕೈಕೊಟ್ಟವರಿಗೆ ಕಣ್ಣು ಮತ್ತು ಅಂಗಾಲೇ ಆಧಾರ. ಕತ್ತಲಲ್ಲಿ ಅವುಗಳಲ್ಲಿ ಒಂದು ಹೋಗಿಬಿಡುತ್ತದೆ. ತಲೆಸುತ್ತಿಗೆಂದು ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಗುಳಿಗೆಗಳು ಮೊದಲ ಕೆಲವು ದಿನಗಳ ವಾಂತಿಗೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮಿದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುವುದೇ ತಡವಾಗುತ್ತದೆ.

ತಿರುಗುವುದು ಊರಾದರೆ ತಲೆಗೆ ವ್ಯಾಯಾಮ ಮಾಡಿಸಿದಾಗ ಊರೇಕೆ ನಿಲ್ಲುತ್ತದೆ? ಇದು ನಮ್ಮ ಸಿದ್ಧಾಂತಕ್ಕೆ ಎದುರಾದ ಅತಿ ಕಠಿಣ ಆಕ್ಷೇಪವೆಂದು ಒಪ್ಪಲೇಬೇಕು. ಮಿದುಳು ಕೆಲವು ವಾರಗಳಲ್ಲಿ ಕಣ್ಣು, ಕಾಲುಗಳ ಸುದ್ದಿಯನ್ನು ಹೆಚ್ಚು ನಂಬಲು ಕಲಿಯುತ್ತದೆ ಎಂಬ ವೈದ್ಯರ ವಿವರಣೆ ಸರಳವಾಗಿದೆ, ಸಂಗತವಾಗಿದೆ, ಪುರಾವೆಯನ್ನೂ ಹೊಂದಿದೆ. ಈ ಮೂರು ದೋಷಗಳ ಕಾರಣ ಅದನ್ನು ಕೈಬಿಡಲಾಗಿದೆ. ಊರೇ ದಣಿಯುತ್ತದೆ ಎಂಬುದು ನಮ್ಮ ಸಮಾಧಾನ. ಇನ್ನೊಂದು ಆಕ್ಷೇಪ ರೈಲ್ವೆಯವರದು. ಊರು ತಿರುಗಿದ್ದರೆ ಬಳ್ಳಾರಿಯಿಂದ ಗುಂತಕಲ್ಲಿಗೆ ಹೊರಟ ಗಾಡಿ ಹೊಸಪೇಟೆಯಲ್ಲಿ ಹೋಗಿ ನಿಲ್ಲಬೇಕಿತ್ತು. ನಿಲ್ದಾಣವೂ ಹಳಿಯೂ ಕೂಡಿಯೇ ತಿರುಗುವಾಗ ದಿಕ್ಕು ತಪ್ಪುವ ಪ್ರಶ್ನೆಯೇ ಬರುವುದಿಲ್ಲ.

ಸಿದ್ಧಾಂತದ ವ್ಯಾಪ್ತಿಗೆ ಕೆಲವು ಅಪವಾದಗಳಿವೆ. ಕಿವಿ ಮಂದವಾದರೆ, ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಎಚ್ಚರ ತಪ್ಪಿದರೆ ತಿರುಗುತ್ತಿರುವುದು ಊರಲ್ಲವೆಂದು ತಿಳಿದು, 1961ರಲ್ಲಿ ಆರಂಭವಾಗಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹತ್ತಿರದ ಬೇರೆ ಆಸ್ಪತ್ರೆಗೋ ಆ ಕ್ಷಣವೇ ಹೋಗತಕ್ಕದ್ದು. ಸಾಮಾನ್ಯ ತಲೆಸುತ್ತಾದರೂ ಬರೆದುಕೊಟ್ಟ ವೈದ್ಯರಿಗೆ ಹೇಳಬೇಕು. ಬೇರೆ ಗುಳಿಗೆ ಬದಲಿಸಬಹುದು. ತಾನಾಗಿ ನಿಲ್ಲಿಸುವಂತಿಲ್ಲ, ಕ್ಷಯದ ಔಷಧವನ್ನಂತೂ ಖಂಡಿತ ಕೂಡದು.

ಕೊನೆಗೆ ಆಡಳಿತಕ್ಕೊಂದು ಬೇಡಿಕೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ನಿಯಮದಂತೆ, ಆ ಪಟ್ಟಿಯಲ್ಲಿರುವ ಆಂಟಿಬಯೋಟಿಕ್ ಮಾರಿದಾಗಲೆಲ್ಲ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಇವಿಷ್ಟನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಅದಕ್ಕೆ ಇನ್ನೊಂದು ಕಾಲಂ ಸೇರಿಸಬೇಕು: ಊರು ತಿರುಗಿದ ದಿಕ್ಕು, ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ. ಅಂಗಡಿಯವರಿಗೆ ಬರವಣಿಗೆಯ ಹೊರೆ ಹೆಚ್ಚುತ್ತದೆಂಬ ಆಕ್ಷೇಪ ಬರಬಹುದು. ವೈದ್ಯರ ಹೆಸರಿನ ಕಾಲಮ್ಮನ್ನು ಈಗ ಹೇಗೆ ತುಂಬುತ್ತಿದ್ದಾರೋ ಇದನ್ನೂ ಹಾಗೆಯೇ ತುಂಬಿದರೆ ಶಾಯಿಯ ಖರ್ಚು ಬೀಳುವುದಿಲ್ಲ.